ಹಳೇ ಮಡಚೋ ಚಾಕುವಿನ ವಯಸ್ಸು: ಮುದ್ರೆ ನಂಬೋದಾ, ಹಿಡಿ ನಂಬೋದಾ?

ಹಳೇ ಮಡಚೋ ಚಾಕು ಸಿಕ್ಕಾಗ ಅದು ಯಾವ ಕಾಲದ್ದು ಅಂತ ತಿಳ್ಕೊಳ್ಳೋಕೆ ನಾನು ಎರಡು ದಾರಿ ಟ್ರೈ ಮಾಡಿದೀನಿ. ಒಂದು ಅಲಗಿನ ಬುಡದಲ್ಲಿರೋ ಮುದ್ರೆ ಓದೋದು, ಇನ್ನೊಂದು ಹಿಡಿ, ಪಿನ್ನು, ಸವೆತ ನೋಡಿ ಲೆಕ್ಕ ಹಾಕೋದು.

ಮುದ್ರೆ ಸಿಕ್ರೆ ಅರ್ಧ ಕೆಲಸ ಮುಗೀತು. ಅಮೆರಿಕದ ಕೇಸ್ (Case) ಅನ್ನೋ ಕಂಪನಿ ಚಾಕು ಆದ್ರಂತೂ ಮಜಾ, 1970ರಲ್ಲಿ ಹೆಸರಿನ ಕೆಳಗೆ 10 ಚುಕ್ಕಿ ಇಟ್ಟು ಆಮೇಲೆ ವರ್ಷಕ್ಕೊಂದು ಕಮ್ಮಿ ಮಾಡ್ಕೊಂಡು ಬಂದ್ರು, 1979ಕ್ಕೆ ಒಂದೇ ಉಳೀತು. 'ವೆಸ್ಟ್ ಜರ್ಮನಿ' ಅಂತಿದ್ರೆ 1949ಕ್ಕಿಂತ ಹಳೇದಲ್ಲ. ದೇಶದ ಹೆಸರೇ ಇಲ್ವಾ, ಹಾಗಾದ್ರೆ 1891ಕ್ಕಿಂತ ಹಿಂದಿನದು ಅಂತ ಕೆಲವರು ಕಡ್ಡಿ ಮುರಿದ ಹಾಗೆ ಹೇಳ್ಬಿಡ್ತಾರೆ, ನಾನಂತೂ ಒಪ್ಪಲ್ಲ, ದೇಶದ ಹೆಸರು ಹಾಕ್ಲೇಬೇಕು ಅನ್ನೋ ಆ ರೂಲ್ ಇದ್ದಿದ್ದು ಅಮೆರಿಕಕ್ಕೆ ಹೊರಗಿಂದ ಬರೋ ಮಾಲಿಗೆ.

ಆದ್ರೆ ಮುದ್ರೆ ಹೇಳೋದು ಅಲಗಿನ ಕಥೆ ಮಾತ್ರ. 8 ಚುಕ್ಕಿ ಇರೋ ಕೇಸ್ ಚಾಕು ಒಂದು ತಗೊಂಡೆ, ಅಂದ್ರೆ 1972, ಖುಷಿಯಾಗಿ ಬರೆದಿಟ್ಟೆ. ಒಂದಿನ ಭೂತಗನ್ನಡಿ ಹಿಡಿದು ನೋಡ್ತೀನಿ, ಹಿಡಿಯ ಅಂಚೆಲ್ಲ ಜೇಬಲ್ಲಿ ಉಜ್ಜಿ ಉಜ್ಜಿ ನುಣ್ಣಗಾಗಿದೆ, ಅಲಗು ಮಾತ್ರ ಒಂದ್ಸಲನೂ ಸಾಣೆ ಕಾಣದ ಹಾಗೆ ಪೂರ್ತಿ ಅಗಲ, ಅದನ್ನ ಹಿಡಿದಿರೋ ಪಿನ್ನಿನ ತಲೆ ಸುತ್ತ ಹೊಸ ಅರದ ಗೀಟು! ಯಾರೋ ಅಲಗು ಬದಲಾಯಿಸಿದಾರೆ, ಮಾರಿದವನು ತುಟಿಪಿಟಕ್ ಅಂದಿರ್ಲಿಲ್ಲ.

ಹಿಡಿ ನೋಡೋದು ನಿಧಾನ, ಕರೆಕ್ಟಾಗಿ ಇಸವಿ ಕೊಡಲ್ಲ, 'ಇದಕ್ಕಿಂತ ಹಳೇದಲ್ಲ' ಅನ್ನೋವರೆಗೆ ಹೇಳುತ್ತೆ ಅಷ್ಟೆ. ಮೂಳೆ ಆದ್ರೆ ಸಣ್ಣ ಸಣ್ಣ ಕಪ್ಪು ಚುಕ್ಕಿ ಗೆರೆ ಕಾಣುತ್ತೆ, ಆನೆದಂತ ಆದ್ರೆ ಅಡ್ಡಡ್ಡ ಹಾಯೋ ಗೆರೆ. ಹೆಬ್ಬೆರಳಲ್ಲಿ ಬಿಸಿಯಾಗೋವರೆಗೆ ಉಜ್ಜಿದ್ರೆ ಕರ್ಪೂರದ ವಾಸನೆ ಬಂತಾ, ಸೆಲ್ಯುಲಾಯ್ಡ್, ಅಂದ್ರೆ ಹಳೇ ಕಾಲದ ಒಂಥರಾ ಪ್ಲಾಸ್ಟಿಕ್ಕು. ಕಾದ ಸೂಜಿ ಚುಚ್ಚಿ ನೋಡು ಅಂತಾರಲ್ಲ, ದಯವಿಟ್ಟು ಬೇಡ, ಭಗ್ ಅಂತ ಹೊತ್ಕೊಳ್ಳೋ ವಸ್ತು ಅದು. ಇನ್ನೊಂದು, ಸೆಲ್ಯುಲಾಯ್ಡ್ ಹಾಳಾಗ್ತಾ ಬಿಡೋ ಗ್ಯಾಸಿಗೆ ಪಕ್ಕದ ಚಾಕೂನೂ ತುಕ್ಕು ಹಿಡಿಯುತ್ತೆ, ನಾನು ಎಲ್ಲಾನೂ ಒಂದೇ ಡಬ್ಬೀಲಿ ಇಟ್ಟು ಎರಡು ಕಳ್ಕೊಂಡೆ. ಅಲಗು ಸ್ಟೇನ್‌ಲೆಸ್ ಆಗಿದ್ರೆ ವಿಕ್ಟೋರಿಯಾ ಕಾಲದ್ದು ಅನ್ನೋ ಮಾತೇ ಬಿಡಿ, ಇಂಗ್ಲೆಂಡಿನ ಶೆಫೀಲ್ಡಲ್ಲಿ ಹ್ಯಾರಿ ಬ್ರಿಯರ್ಲಿ ಅನ್ನೋರು ಆ ಉಕ್ಕು ಮಾಡಿದ್ದೇ 1913ರಲ್ಲಿ.

ಒಂದೇ ಆರಿಸು ಅಂದ್ರೆ ನನ್ನ ವೋಟು ಹಿಡಿಗೇ. ಮುದ್ರೆ ಮೊದ್ಲು ಓದ್ತೀನಿ, ನಂಬೋದು ಪಿನ್ನು ನೋಡಿದ್ಮೇಲೆ. ಆ 8 ಚುಕ್ಕಿ ಚಾಕುವಿನ ಚೀಟೀಲಿ ಈಗ ಎರಡು ಸಾಲಿದೆ: ಅಲಗು 1972, ಮೈ ಬೇರೆ ಚಾಕುವಿಂದು.