ಮಾಚು ಪಿಚು ಆಚೆಗೆ: ದಕ್ಷಿಣ ಅಮೆರಿಕದ ಅಪರೂಪದ ತಾಣಗಳಲ್ಲಿ ಯಾವುದು ಯಾರಿಗೆ?

ಚೊಕೆಕಿರಾವ್, ಕ್ವೆಲಾಪ್ ಎರಡೂ ಪೆರುವಿನಲ್ಲಿವೆ. ಎರಡೂ ಸುಮಾರು 3,000 ಮೀಟರ್ ಎತ್ತರದಲ್ಲಿ, ಬೆಟ್ಟದ ನೆತ್ತಿಯ ಮೇಲೆ ಕಟ್ಟಿದ ಊರುಗಳು. ಎರಡನ್ನೂ ‘ಇನ್ನೊಂದು ಮಾಚು ಪಿಚು’ ಎಂದೇ ಮಾರುತ್ತಾರೆ. ಸಾಮ್ಯ ಅಷ್ಟಕ್ಕೇ ನಿಂತಿತು. ಒಂದು, ಮಾಚು ಪಿಚುವಿನಂತೆಯೇ, ಸ್ಪೇನಿನವರು ಬರುವ ಮುನ್ನ ಆಂಡಿಸ್ ಬೆಟ್ಟಗಳನ್ನು ಆಳಿದ ಇಂಕಾಗಳದ್ದು, ಇನ್ನೊಂದು ಇಂಕಾಗಳು ಬರುವುದಕ್ಕೆ ಶತಮಾನಗಳ ಮುಂಚೆಯೇ ಚಾಚಪೋಯಾ ಜನ ಕಟ್ಟಿಕೊಂಡದ್ದು. ಒಂದಕ್ಕೆ ಕಾಲ್ನಡಿಗೆಯೇ ಗತಿ, ಇನ್ನೊಂದಕ್ಕೆ ಕೇಬಲ್ ಕಾರ್ ಇದೆ. ಆಯ್ಕೆ ಮಾಡುವಾಗ ಫೋಟೊ ಬದಿಗಿಟ್ಟು ದಾರಿ ನೋಡಿ. ಈ ಖಂಡದಲ್ಲಿ ಜನಜಂಗುಳಿ ತಾಗದ ಜಾಗಗಳು ಹಾಗೆ ಉಳಿದಿರುವುದೇ ದಾರಿಯಿಂದಾಗಿ. ಆ ದಾರಿ ನಿಮ್ಮ ಮೊಣಕಾಲಿಗೆ, ರಜೆಗೆ, ಹೋಗುವ ತಿಂಗಳಿಗೆ ಹೊಂದದಿದ್ದರೆ ಎಂಥ ತಾಣವೂ ಕಣ್ಣಿಗೆ ಹತ್ತುವುದಿಲ್ಲ.

ಚೊಕೆಕಿರಾವ್ ಲೆಕ್ಕ ಹೀಗಿದೆ. ಕುಸ್ಕೊದಿಂದ ಅಬಾಂಕಾಯ್ ಕಡೆಗೆ ಹೋಗುವ ಬಸ್ಸಿನಲ್ಲಿ ಕಚೋರಾ ತಿರುವಿನಲ್ಲಿ ಇಳಿಯಬೇಕು. ಅಲ್ಲಿಂದ ಟ್ಯಾಕ್ಸಿಯಲ್ಲಿ ಹಳ್ಳಿ ದಾಟಿ ಕಪುಲಿಯೋಕ್ ಎಂಬ ಜಾಗದ ತನಕ ಹೋಗಬಹುದು. ಅದರ ಎತ್ತರ ಸುಮಾರು 2,900 ಮೀಟರ್. ಕೆಳಗೆ ಅಪುರಿಮಾಕ್ ನದಿ ದಡದ ಪ್ಲಾಯಾ ರೊಸಲಿನಾ 1,500 ಮೀಟರ್. ನದಿಯಾಚೆಯ ಮರಂಪಾಟಾ ಹಳ್ಳಿ ಮತ್ತೆ 2,900ರ ಆಸುಪಾಸು. ಅಂದರೆ 1,400 ಮೀಟರ್ ಇಳಿದು ಅಷ್ಟನ್ನೇ ಹತ್ತಬೇಕು, ವಾಪಸ್ ಬರುವಾಗ ಇನ್ನೊಮ್ಮೆ ಅದೇ ಪಾಡು. ವಾಹನ ಹೋಗುವ ದಾರಿ ಇಲ್ಲ. ಕೇಬಲ್ ಕಾರ್ ಬರುತ್ತದೆ ಎಂಬ ಮಾತು ವರ್ಷಗಳಿಂದ ಮಾತಾಗಿಯೇ ಇದೆ.

ಇಲ್ಲಿ ಹೆಚ್ಚಿನವರನ್ನು ಕೆಡವುವುದು ಹತ್ತುವುದಲ್ಲ, ಮೊದಲ ದಿನದ ಇಳಿಜಾರು. ಗಂಟೆಗಟ್ಟಲೆ ಇಳಿಯುವಾಗ ಪಾದ ಶೂ ಒಳಗೆ ಮುಂದಕ್ಕೆ ಜಾರಿ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಎರಡನೇ ದಿನದ ಏರಿನಲ್ಲಿ ಆ ನೋವು ಹೊತ್ತೇ ನಡೆಯಬೇಕು. ಹೊರಡುವ ಎರಡು ದಿನ ಮೊದಲು ಉಗುರು ಕತ್ತರಿಸಿ. ಇಳಿಯುವಾಗ ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಾಗಿ, ಬೆರಳುಗಳ ಮೇಲೆ ಸಡಿಲವಾಗಿ ಕಟ್ಟಿ. ಎರಡು ಊರುಗೋಲು ಇರಲೇಬೇಕು. ನದಿ ದಡದಲ್ಲಿ ಇನ್ನೊಂದು ಕಾಟ: ಎಳ್ಳಿನಷ್ಟು ಸಣ್ಣ ನೊಣಗಳು. ಕಚ್ಚುವಾಗ ಗೊತ್ತಾಗುವುದಿಲ್ಲ, ಚರ್ಮದ ಮೇಲೆ ರಕ್ತದ ಒಂದು ಚುಕ್ಕೆ ಮಾತ್ರ ಕಾಣುತ್ತದೆ. ಮಾರನೇ ದಿನದಿಂದ ವಾರಗಟ್ಟಲೆ ತುರಿಕೆ. ಸೆಖೆ ಎಂದು ಚಡ್ಡಿ ಹಾಕಿಕೊಂಡವರೇ ಇದಕ್ಕೆ ಬಲಿ. ತುಂಬುತೋಳಿನ ತೆಳು ಅಂಗಿ, ಕಾಲು ಮುಚ್ಚುವ ಪ್ಯಾಂಟು ಧರಿಸಿ. ಮರಂಪಾಟಾ ಏರನ್ನು ಬೆಳಗಿನ ಜಾವ ಕತ್ತಲಿರುವಾಗಲೇ ಶುರುಮಾಡಿ. ಬಿಸಿಲೇರಿದ ಮೇಲೆ ಆ ಗುಡ್ಡದಲ್ಲಿ ನೆರಳು ಹುಡುಕಿದರೂ ಸಿಗುವುದಿಲ್ಲ. ಹೊರೆಗೆ ಹೇಸರಗತ್ತೆ ಬಾಡಿಗೆಗೆ ಸಿಗುತ್ತದೆ. ಪೆರುವಿನ ಹಣವಾದ ಸೋಲ್‌ಗಳನ್ನು ನಗದಾಗಿ ಕುಸ್ಕೊದಲ್ಲೇ ತೆಗೆದಿಟ್ಟುಕೊಳ್ಳಿ.

ನಾಲ್ಕು ದಿನದಲ್ಲಿ ಮುಗಿಸಬಹುದು ಎನ್ನುತ್ತಾರೆ. ಮುಗಿಸಬಹುದು, ನೋಡಲಾಗುವುದಿಲ್ಲ. ಐದು ದಿನ ಇಟ್ಟುಕೊಳ್ಳಿ, ಒಂದಿಡೀ ದಿನವನ್ನು ಊರಿಗೇ ಮೀಸಲಿಡಿ. ಕಾರಣ ಲಾಮಾ ಮೆಟ್ಟಿಲುಗಳು. ಲಾಮಾ ಅಂದರೆ ಈ ಬೆಟ್ಟಗಳಲ್ಲಿ ಹೊರೆ ಹೊರುವ, ಒಂಟೆಯ ಬಳಗದ ಪ್ರಾಣಿ. ಮುಖ್ಯ ಅಂಗಳದಿಂದ ಗುಡ್ಡದ ಇನ್ನೊಂದು ಮಗ್ಗುಲಿಗೆ ಕಡಿದಾಗಿ ಇಳಿದರೆ, ಬೇಸಾಯದ ಅಟ್ಟಣೆಗಳ ಕಪ್ಪು ಗೋಡೆಯಲ್ಲಿ ಬಿಳಿ ಕಲ್ಲು ಕೂರಿಸಿ ಮಾಡಿದ ಲಾಮಾಗಳ ಸಾಲು ಕಾಣಿಸುತ್ತದೆ. ಹತ್ತಿರ ನಿಂತರೆ ಬರೀ ಬಿಳಿ ಕಲ್ಲಿನ ತುಂಡುಗಳು: ಇದು ಕಾಲು, ಇದು ಕತ್ತು ಎಂದು ಜೋಡಿಸಿಕೊಳ್ಳಬೇಕು. ಅಟ್ಟಣೆ ದಾಟಿ ಎದುರಿನ ದಿಬ್ಬಕ್ಕೆ ಹೋಗಿ ತಿರುಗಿದಾಗಲೇ ಹಿಂಡು ಮೇಲಕ್ಕೆ ನಡೆಯುತ್ತಿರುವುದು ಕಾಣುವುದು. ಇಂಕಾಗಳ ಬೇರೆ ಯಾವ ಕಟ್ಟಡದಲ್ಲೂ ಇಂಥದ್ದು ಪ್ರಸಿದ್ಧವಾಗಿಲ್ಲ. ಇಳಿದು ಹತ್ತಿ ಬರಲು ಅರ್ಧ ದಿನ ಬೇಕು. ಗಡಿಬಿಡಿಯವರು ಬಿಟ್ಟು ಹೋಗುವುದು ಇದನ್ನೇ. ಮಾಚು ಪಿಚುವನ್ನು ಹೊರಜಗತ್ತಿಗೆ ಪರಿಚಯಿಸಿದ ಅಮೆರಿಕದ ಅನ್ವೇಷಕ ಹೈರಂ ಬಿಂಗಂ 1909ರಲ್ಲಿ ಇಲ್ಲಿಗೆ ಬಂದು ಹೋದ, 1911ರಲ್ಲಿ ಮಾಚು ಪಿಚು ತಲುಪಿದ. ಇಂದಿಗೂ ಚೊಕೆಕಿರಾವಿನ ಬಹುಪಾಲು ಕಾಡಿನಡಿಯಲ್ಲೇ ಇದೆ. ಜನವರಿಯಿಂದ ಮಾರ್ಚ್ ತನಕ ಮಣ್ಣು ಕುಸಿಯುತ್ತದೆ, ಹೋಗಬೇಡಿ. ಮೇಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ.

ಕ್ವೆಲಾಪ್ ಉತ್ತರ ಪೆರುವಿನ ಅಮೆಜೊನಾಸ್ ಪ್ರಾಂತ್ಯದಲ್ಲಿದೆ. ಲಿಮಾದಿಂದ ಹಾಯೆನ್‌ಗೆ ವಿಮಾನ, ಅಲ್ಲಿಂದ ಸುಮಾರು ನಾಲ್ಕು ಗಂಟೆ ರಸ್ತೆಯಲ್ಲಿ ಚಾಚಪೋಯಾಸ್ ಪಟ್ಟಣ. ನ್ಯೂವೊ ಟಿಂಗೊದಿಂದ 2017ರಲ್ಲಿ ಶುರುವಾದ ಕೇಬಲ್ ಕಾರ್ 4 ಕಿಲೋಮೀಟರ್ ಕಣಿವೆಯನ್ನು 20 ನಿಮಿಷದಲ್ಲಿ ದಾಟಿಸುತ್ತದೆ. ಮೇಲೆ ಇಳಿದ ಮೇಲೆ ಅರ್ಧ ಗಂಟೆ ನಡಿಗೆ. ಬೆಟ್ಟದ ನೆತ್ತಿಯ ಮೇಲೆ 600 ಮೀಟರ್ ಉದ್ದದ ಜಗಲಿ, ಅದನ್ನು ಸುತ್ತುವರಿದ ಸುಣ್ಣಕಲ್ಲಿನ ಗೋಡೆ ಕೆಲವೆಡೆ 20 ಮೀಟರ್ ಎತ್ತರ. ಒಳಗೆ 400ಕ್ಕೂ ಹೆಚ್ಚು ದುಂಡನೆಯ ಮನೆಗಳ ಅಡಿಪಾಯ. ದ್ವಾರಗಳ ರಚನೆಯೇ ಒಂದು ಪಾಠ: ಹೊರಗೆ ಅಗಲವಾಗಿ ಶುರುವಾದ ಓಣಿ ಒಳಹೋದಂತೆ ಕಿರಿದಾಗಿ, ಕೊನೆಗೆ ಒಬ್ಬನಷ್ಟೇ ನುಸುಳುವಷ್ಟು ಸಂದಿಯಾಗುತ್ತದೆ.

ಒಂದು ಕೊರತೆ ಇದೆ. 2022ರ ಏಪ್ರಿಲ್‌ನಲ್ಲಿ ಭಾರಿ ಮಳೆಗೆ ದಕ್ಷಿಣದ ಗೋಡೆಯ ಒಂದು ಭಾಗ ಕುಸಿಯಿತು. ಈ ಗೋಡೆಗಳು ಕೋಟೆಯ ಗೋಡೆಯಂತೆ ಕಂಡರೂ ಮಾಡುವ ಕೆಲಸ ಬೇರೆ. ಹಿಂದೆ ತುಂಬಿದ ಮಣ್ಣು, ಕಲ್ಲಿನ ರಾಶಿಯನ್ನು ಅವು ಹಿಡಿದು ನಿಲ್ಲಿಸಿವೆ. ನೀರು ಒಳಗೆ ಇಳಿದು ಹೊರಹೋಗಲು ದಾರಿ ಕಾಣದಿದ್ದರೆ ರಾಶಿ ಉಬ್ಬಿ ಗೋಡೆಯನ್ನೇ ತಳ್ಳುತ್ತದೆ. 2023ರಲ್ಲಿ ಭಾಗಶಃ ತೆರೆದರು. ಎಲ್ಲಿ ಬೇಕೆಂದರಲ್ಲಿ ಅಡ್ಡಾಡುವ ಕಾಲ ಹೋಯಿತು. ಹಾಕಿಕೊಟ್ಟ ದಾರಿಯಲ್ಲೇ ನಡೆಯಬೇಕು. ಟಿಕೆಟ್ ಕೊಳ್ಳುವ ಮುನ್ನ ಆ ದಿನ ಯಾವ ಸುತ್ತು ತೆರೆದಿದೆ ಎಂದು ಕೇಳಿಕೊಳ್ಳಿ.

ಹಾಗಾದರೆ ಯಾವುದು? ಕಟ್ಟಡವೊಂದನ್ನೇ ತೂಗಿದರೆ ಚೊಕೆಕಿರಾವ್. ಮಕ್ಕಳು, ಹಿರಿಯರು ಜೊತೆಗಿದ್ದರೆ ಯೋಚನೆಯೇ ಬೇಡ, ಕ್ವೆಲಾಪ್. ಇನ್ನೊಂದು ವಿಷಯವೂ ಕ್ವೆಲಾಪ್ ಕಡೆಗೆ ತೂಗುತ್ತದೆ. ಅದೇ ಚಾಚಪೋಯಾಸ್‌ನಲ್ಲಿ ಉಳಿದುಕೊಂಡು ಬಂಡೆಯ ಅಂಚಿನಲ್ಲಿ ನಿಂತ ಕರಾಹಿಯಾದ ಮಣ್ಣಿನ ಶವಪೆಟ್ಟಿಗೆಗಳನ್ನು ನೋಡಬಹುದು. 200ಕ್ಕೂ ಹೆಚ್ಚು ಮಮ್ಮಿಗಳಿರುವ ಲೇಮೆಬಾಂಬಾ ಸಂಗ್ರಹಾಲಯವಿದೆ. ಗೊಕ್ತಾ ಜಲಪಾತವೂ ಇದೆ.

ಜಲಪಾತ ಅಂದಮೇಲೆ ಗೊಕ್ತಾಕ್ಕೆ ಎದುರು ನಿಲ್ಲುವುದು ಗಯಾನಾದ ಕೈಟೂರ್. ಗೊಕ್ತಾ ಒಟ್ಟು 771 ಮೀಟರ್, ಎರಡು ಹಂತಗಳಲ್ಲಿ ಬೀಳುತ್ತದೆ. ಊರಿನವರಿಗೆ ಮೊದಲಿಂದಲೂ ಗೊತ್ತಿತ್ತು, ಹೊರಜಗತ್ತಿಗೆ ಅಳತೆ ಸಮೇತ ತಿಳಿದದ್ದು 2006ರಲ್ಲಿ. ಕೈಟೂರ್‌ನಲ್ಲಿ ಪೊಟಾರೊ ನದಿ 226 ಮೀಟರ್ ಒಂದೇ ಜಿಗಿತಕ್ಕೆ ಧುಮುಕುತ್ತದೆ, ಅದೂ ಸುಮಾರು 100 ಮೀಟರ್ ಅಗಲಕ್ಕೆ. ಎತ್ತರದ ಅಂಕಿ ನೋಡಿ ಗೊಕ್ತಾ ದೊಡ್ಡದು ಅಂದುಕೊಳ್ಳುವುದು ತಪ್ಪು. ಮಳೆಯಿಲ್ಲದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ತೆಳ್ಳಗೆ ಗಾಳಿಗೆ ತೂಗುವ ಬಿಳಿ ನೂಲು. ಕೈಟೂರ್ ಯಾವಾಗ ಹೋದರೂ ನದಿಯೇ.

ಗೊಕ್ತಾಗೆ ಕೊಕಾಚಿಂಬಾ ಹಳ್ಳಿಯಿಂದ ಬುಡದ ತನಕ ಒಂದು ದಿಕ್ಕಿಗೆ 5 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಎರಡರಿಂದ ಎರಡೂವರೆ ಗಂಟೆ. ಬುಡದಲ್ಲಿ ನಿಂತರೆ ಕೆಳಗಿನ ಹಂತ ಮಾತ್ರ ಕಾಣುತ್ತದೆ. ಮೇಲಿನದು ಬಂಡೆಯ ಹಿಂದೆ ಮರೆಯಾಗಿರುತ್ತದೆ. ಎರಡನ್ನೂ ಒಟ್ಟಿಗೆ ನೋಡಲು ಹಳ್ಳಿಯೇ ಸರಿಯಾದ ಜಾಗ. ಕಾಲಿಗೆ ಕಸುವಿದ್ದರೆ ಸಾನ್ ಪಾಬ್ಲೊದಿಂದ ಶುರುಮಾಡಿ, ಮೇಲಿನ ಹಂತದ ಬುಡ ನೋಡಿ, ಕೊಕಾಚಿಂಬಾ ಕಡೆ ಇಳಿಯಿರಿ. ಇಡೀ ದಿನ ಹಿಡಿಯುತ್ತದೆ, ಅಷ್ಟಕ್ಕೂ ಬೆಲೆಯಿದೆ.

ಕೈಟೂರ್‌ಗೆ ಜಾರ್ಜ್‌ಟೌನ್ ಪಕ್ಕದ ಓಗಲ್ ನಿಲ್ದಾಣದಿಂದ ಸುಮಾರು ಒಂದು ಗಂಟೆ ಪುಟ್ಟ ವಿಮಾನ, ನೆಲದ ಮೇಲೆ ಸಾಮಾನ್ಯವಾಗಿ ಎರಡೇ ಗಂಟೆ. ಸಾಕಷ್ಟು ಪ್ರಯಾಣಿಕರು ಸೇರದಿದ್ದರೆ, ಮೋಡ ಕವಿದರೆ ವಿಮಾನ ರದ್ದು. ಆದ್ದರಿಂದ ಗಯಾನಾಗೆ ಇಳಿದ ಮೊದಲ ದಿನಗಳಲ್ಲೇ ಇದನ್ನು ಕಾಯ್ದಿರಿಸಿ, ಕೊನೆಯ ದಿನಕ್ಕೆ ಎಂದೂ ಇಡಬೇಡಿ. ಅಂಚಿನಲ್ಲಿ ಕಂಬಿಬೇಲಿ ಇಲ್ಲ. ದಾರಿಯಲ್ಲಿ ಅನಾನಸ್ ಜಾತಿಯ, ಆಳೆತ್ತರದ ಬ್ರೊಮೀಲಿಯಾಡ್ ಗಿಡಗಳಿವೆ. ಎಲೆಗಳ ಬುಡದಲ್ಲಿ ನಿಂತ ಮಳೆನೀರಿನೊಳಗೆ ಬಗ್ಗಿ ನೋಡಿದರೆ ಹೆಬ್ಬೆರಳ ಉಗುರಿನಷ್ಟು ಹೊಂಬಣ್ಣದ ಕಪ್ಪೆ ಕೂತಿರುತ್ತದೆ. ಮೊಟ್ಟೆ, ಮರಿ, ಸಂಸಾರವೆಲ್ಲ ಆ ಒಂದು ಗಿಡದ ನೀರಿನಲ್ಲೇ. ಮುಟ್ಟಬೇಡಿ. ಎರಡರಲ್ಲಿ ಒಂದೇ ಅಂದರೆ ಕೈಟೂರ್. ಆದರೆ ಪೆರುವಿನಲ್ಲೇ ಇದ್ದವರು ಗೊಕ್ತಾ ಬಿಟ್ಟು ಅಷ್ಟು ದೂರ ಓಡುವುದರಲ್ಲಿ ಅರ್ಥವಿಲ್ಲ.

ಈ ದೇಶಗಳಿಂದ ಭಾರತಕ್ಕೆ ಮರಳುವವರು ಹಳದಿ ಜ್ವರದ ಲಸಿಕೆ ಪ್ರಮಾಣಪತ್ರ ತೋರಿಸಬೇಕು. ಲಸಿಕೆ ಹಾಕಿಸಿ ಹತ್ತು ದಿನ ಕಳೆದ ಮೇಲೆಯೇ ಅದಕ್ಕೆ ಮಾನ್ಯತೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು.

ಕೊಲಂಬಿಯಾದಲ್ಲಿ ಸಾನ್ ಅಗುಸ್ತಿನ್ ಮತ್ತು ತಿಯೆರಾದೆಂತ್ರೊ 1995ರಲ್ಲಿ ಒಟ್ಟಿಗೇ ಯುನೆಸ್ಕೊ ಪಟ್ಟಿ ಸೇರಿದವು. ಮೊದಲನೆಯದು ನೆಲದ ಮೇಲಿನ ಶಿಲ್ಪ: ಕೋರೆಹಲ್ಲಿನ ದೇವತೆಗಳು, ತೊರೆಯ ತಳದ ಬಂಡೆಯಲ್ಲೇ ಕೊರೆದ ಲಾವಾಪಾತಾಸ್ ಚಿತ್ತಾರ. ಎರಡನೆಯದು ನೆಲದ ಕೆಳಗಿನ ಸಮಾಧಿ: ಮೃದುವಾದ ಜ್ವಾಲಾಮುಖಿ ಕಲ್ಲನ್ನು ಕೊರೆದು ಮಾಡಿದ ಸುರುಳಿ ಮೆಟ್ಟಿಲಿನಲ್ಲಿ ಇಳಿದರೆ ಕೆಂಪು, ಕಪ್ಪು, ಬಿಳಿಯ ರೇಖಾಚಿತ್ರಗಳಿರುವ ಕೋಣೆಗಳು, ಕೆಲವು 12 ಮೀಟರ್ ಅಗಲ. ಮನಸ್ಸಿಗೆ ನಾಟುವುದು ತಿಯೆರಾದೆಂತ್ರೊವೇ. ಮೆಟ್ಟಿಲುಗಳು ಮಂಡಿಯೆತ್ತರ, ಹಿಡಿಯಲು ಏನೂ ಇಲ್ಲ. ಮುಖ ಗೋಡೆಗೆ ಮಾಡಿ ಏಣಿ ಇಳಿದಂತೆ ಇಳಿಯಿರಿ. ಸೆಗೋವಿಯಾ ಗುಂಪನ್ನು ಮೊದಲು ನೋಡಿ, ಬಣ್ಣ ಚೆನ್ನಾಗಿ ಉಳಿದಿರುವುದು ಅಲ್ಲಿ. ಉಳಿದ ಗುಂಪುಗಳಿಗೆ ಸ್ವಂತ ಟಾರ್ಚ್ ಬೇಕು, ಫ್ಲಾಶ್ ಬೇಡ. ದೂರದ ಎಲ್ ಅಗ್ವಾಕಾತೆ ಗುಡ್ಡದ ಸಮಾಧಿಗಳು ಹಾಳಾಗಿವೆ, ಅಲ್ಲಿಗೆ ನಡೆಯುವುದು ಬೆಟ್ಟಸಾಲಿನ ನೋಟಕ್ಕಾಗಿ ಮಾತ್ರ. ಆದರೆ ಕೌಕಾ ಪ್ರಾಂತ್ಯದಲ್ಲಿ ಸಶಸ್ತ್ರ ಗುಂಪುಗಳ ಚಟುವಟಿಕೆ ಇದೆ. ಆ ವಾರದ ಸ್ಥಿತಿ ವಿಚಾರಿಸಿ, ಹಗಲಲ್ಲಿ ಮಾತ್ರ ಪ್ರಯಾಣಿಸಿ. ಅನುಮಾನವಿದ್ದರೆ ಊಯಿಲಾ ಪ್ರಾಂತ್ಯದ ಸಾನ್ ಅಗುಸ್ತಿನ್‌ಗೇ ಹೋಗಿ. ಒಂದೇ ದಿನದಲ್ಲಿ ಎರಡನ್ನೂ ನೋಡುವ ಯೋಜನೆ ಹಾಕಬೇಡಿ. ಮಧ್ಯದಲ್ಲಿ ವಾಹನ ಬದಲಿಸುತ್ತಲೇ ದಿನ ಕಳೆಯುತ್ತದೆ.

ಜೆಸ್ವಿಟ್ ಪಂಥದ ಕ್ಯಾಥೊಲಿಕ್ ಪಾದ್ರಿಗಳು ಅಲ್ಲಿನ ಮೂಲನಿವಾಸಿ ಗುವರಾನಿ ಜನರೊಂದಿಗೆ ಕಟ್ಟಿದ ಊರುಗಳ ವಿಷಯದಲ್ಲಿ ತೀರ್ಪು ಸುಲಭ. ಅರ್ಜೆಂಟೀನಾದ ಸಾನ್ ಇಗ್ನಾಸಿಯೊ ಮಿನಿಗೆ ಬಸ್ಸುಗಳು ತುಂಬಿ ಬರುತ್ತವೆ. ಪರಾಗ್ವೆಯ ಟ್ರಿನಿದಾದ್‌ನಲ್ಲಿ ಇಡೀ ಅಂಗಳ ನಿಮ್ಮದೇ. ಅಲ್ಲಿಂದ 12 ಕಿಲೋಮೀಟರ್ ದೂರದ ಹೆಸುಸ್, 1767ರಲ್ಲಿ ಪಾದ್ರಿಗಳನ್ನು ಹೊರಹಾಕಿದಾಗ ಎಷ್ಟು ಕಟ್ಟಿತ್ತೋ ಅಷ್ಟಕ್ಕೇ ನಿಂತಿದೆ. ಟ್ರಿನಿದಾದ್ ಚರ್ಚಿನ ಗೋಡೆಯ ಮೇಲ್ಗಡೆ ದೇವದೂತರು ವಾದ್ಯ ನುಡಿಸುವ ಪಟ್ಟಿಕೆ ಇದೆ, ದುರ್ಬೀನು ಒಯ್ಯಿರಿ. ನೆರಳಿಲ್ಲ, ನೀರೂ ನಿಮ್ಮದೇ.

ಕೊನೆಗೆ ಗವಿಚಿತ್ರ. ಬ್ರೆಜಿಲ್‌ನ ಸೆರಾ ದ ಕಪಿವಾರಾ ಸಂಗ್ರಹದ ವಿಷಯದಲ್ಲಿ ಎದುರಿಲ್ಲದ ಜಾಗ. ನೂರಕ್ಕೂ ಹೆಚ್ಚು ತಾಣಗಳು ಪ್ರವಾಸಿಗರಿಗೆ ತೆರೆದಿವೆ, ಬೇಟೆ, ಕುಣಿತ, ಹೆರಿಗೆ, ಚುಂಬನ ಎಲ್ಲವೂ ಕಾವಿ ಬಣ್ಣದಲ್ಲಿ. 2025ರಲ್ಲಿ ತೀರಿಕೊಂಡ ಪುರಾತತ್ವಜ್ಞೆ ನೀಡೆ ಗಿಡಾನ್ ಬದುಕನ್ನೇ ಇದಕ್ಕೆ ಸವೆಸಿದರು. ನಡೆದಾಡಲು ಕಟ್ಟಿದ ಹಲಗೆದಾರಿಗಳಲ್ಲಿ, ಗಾಲಿಕುರ್ಚಿ ಹೋಗುವ ತಾಣಗಳಲ್ಲಿ ಆ ಶ್ರದ್ಧೆ ಕಾಣುತ್ತದೆ. ಪೆಟ್ರೊಲಿನಾ ವಿಮಾನ ನಿಲ್ದಾಣದಿಂದ ಸುಮಾರು 300 ಕಿಲೋಮೀಟರ್, ಮಾರ್ಗದರ್ಶಿ ಕಡ್ಡಾಯ, ಮೂರು ದಿನವಾದರೂ ಬೇಕು.

ಅರ್ಜೆಂಟೀನಾದ ಕ್ವೇವಾ ದೆ ಲಾಸ್ ಮಾನೋಸ್ ಅದಕ್ಕೆ ತದ್ವಿರುದ್ಧ: ಒಂದೇ ಬಂಡೆಗೋಡೆ, ಒಂದು ಗಂಟೆಯ ನೋಟ, ಅದಕ್ಕಾಗಿ ಪಟಗೋನಿಯಾದ ಅಖಂಡ ಬಯಲು. ಹತ್ತಿರದ ಪಟ್ಟಣ ಪೆರಿಟೊ ಮೊರೆನೊ. ಅದೇ ಹೆಸರಿನ ಹಿಮನದಿ ಇಲ್ಲಿಲ್ಲ, ಎಷ್ಟೋ ನೂರು ಕಿಲೋಮೀಟರ್ ದಕ್ಷಿಣಕ್ಕೆ ಎಲ್ ಕಲಫಾತೆ ಬಳಿ ಇದೆ. ಹೆಸರು ನೋಡಿ ಬುಕ್ ಮಾಡಿ ಮೋಸಹೋಗಬೇಡಿ. ಜಲ್ಲಿರಸ್ತೆಯಲ್ಲಿ ಬಿಡಿ ಟಯರ್ ಇರಲಿ, ಇಂಧನ ಸಿಕ್ಕಲ್ಲೆಲ್ಲ ತುಂಬಿಸಿ. ಕಾರನ್ನು ಗಾಳಿಗೆ ಮುಖಮಾಡಿ ನಿಲ್ಲಿಸಿ: ಹಿಂದಿನಿಂದ ಬೀಸುವ ಗಾಳಿ ತೆರೆದ ಬಾಗಿಲನ್ನು ಕೀಲಿನಿಂದಲೇ ಮುರಿದು ಬಗ್ಗಿಸಿಬಿಡುತ್ತದೆ.

ಇಷ್ಟಾದರೂ ಒಂದನ್ನೇ ಆರಿಸಬೇಕೆಂದರೆ ಈ ಗೋಡೆಯನ್ನೇ ಆರಿಸಬೇಕು. ಅಂಗೈಯನ್ನು ಬಂಡೆಗೆ ಒತ್ತಿ, ಸುತ್ತಲೂ ಬಣ್ಣ ಊದಿ ಮೂಡಿಸಿದ ಕೈಗಳು ಒಂದರ ಮೇಲೊಂದು ತುಂಬಿವೆ. ಎಣಿಸಿದವರ ಲೆಕ್ಕದಲ್ಲಿ ಎಡಗೈ 829, ಬಲಗೈ 31. ಬಣ್ಣ ಊದುವ ಎಲುಬಿನ ಕೊಳವೆಯನ್ನು ಬಲಗೈಯಲ್ಲಿ ಹಿಡಿದಿರಬೇಕು, ಒತ್ತಲು ಉಳಿದದ್ದು ಎಡಗೈ. ಆ ಗುಂಪಿನಲ್ಲಿ ಒಂದು ಕೈಗೆ ಆರು ಬೆರಳು. ಮಾರ್ಗದರ್ಶಿ ತಾನಾಗಿ ತೋರಿಸದಿದ್ದರೆ ಕೇಳಿ ನೋಡಿ.