ಕೀಟನಾಶಕ ನೆಕ್ಕಿದ ನಾಯಿಗೆ ರಾತ್ರಿಪಾಳಿಯ ಚಿಕಿತ್ಸೆ: ಒಂದು ಪಶು ಆಸ್ಪತ್ರೆಯ ವಿಮರ್ಶೆ

ಗಿಡಗಳಿಗೆ ಕ್ಲೋರ್‌ಪೈರಿಫಾಸ್ ಸಿಂಪಡಿಸಿದ ಮೇಲೆ ಬಕೆಟ್ಟನ್ನು ತೊಳೆಯದೆ ಹಿತ್ತಲಲ್ಲೇ ಬಿಟ್ಟದ್ದು ನನ್ನದೇ ತಪ್ಪು. ಅದರ ತಳ ನೆಕ್ಕಿದ ನಮ್ಮ ನಾಯಿಯನ್ನು ಈ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆತರುವಷ್ಟರಲ್ಲಿ ಜೊಲ್ಲು ದಾರದಂತೆ ಇಳಿಯುತ್ತಿತ್ತು, ಕಣ್ಣಿನ ಪಾಪೆಗಳು ಸಾಸಿವೆ ಕಾಳಿನಷ್ಟಕ್ಕೆ ಕುಗ್ಗಿದ್ದವು, ತೊಡೆಯ ಸ್ನಾಯುಗಳು ಒಂದೇ ಸಮನೆ ಅದುರುತ್ತಿದ್ದವು.

ಆಸ್ಪತ್ರೆಯ ಬಗ್ಗೆ ವಿಶ್ವಾಸ ಹುಟ್ಟಿದ್ದು ಫೋನಿನಲ್ಲೇ. ವಾಂತಿ ಮಾಡಿಸಬೇಡಿ, ಉಪ್ಪುನೀರನ್ನಾಗಲಿ ಹಾಲನ್ನಾಗಲಿ ಕುಡಿಸಬೇಡಿ, ಕೀಟನಾಶಕದ ಬಾಟಲಿಯನ್ನು ಮರೆಯದೆ ತನ್ನಿ ಎಂದು ಅವರು ಹೇಳಿದರು. ನಡುಕ ಶುರುವಾದ ಮೇಲೆ ವಾಂತಿ ಮಾಡಿಸಿದರೆ ವಿಷದ ಜೊತೆಗಿರುವ ಎಣ್ಣೆಯಂಥ ದ್ರಾವಕ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆಯೆಂದು ಆಮೇಲೆ ತಿಳಿಯಿತು.

ವೈದ್ಯರು ಮೊದಲು ನೋಡಿದ್ದು ಬಾಟಲಿಯ ಲೇಬಲ್ಲನ್ನು. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ನರಸಂದೇಶವನ್ನು ನಿಲ್ಲಿಸುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಆ ಹಿಡಿತ ಕಾಲ ಕಳೆದಂತೆ ಬಿಡಿಸಲಾಗದಷ್ಟು ಗಟ್ಟಿಯಾಗುವುದರಿಂದ ಪ್ರಾಲಿಡಾಕ್ಸಿಮ್ ಎಂಬ ಮದ್ದನ್ನು ಬೇಗ ಕೊಟ್ಟಷ್ಟೂ ಒಳ್ಳೆಯದು. ಕಾರ್ಬಮೇಟ್ ಎಂಬ ಇನ್ನೊಂದು ಗುಂಪಿನ ಕೀಟನಾಶಕ ಆಗಿದ್ದರೆ ಆ ಹಿಡಿತ ತಾನಾಗಿ ಸಡಿಲುತ್ತದೆಯಂತೆ. ಜೊಲ್ಲು, ಕಫಗಳನ್ನು ಒಣಗಿಸುವ ಅಟ್ರೋಪಿನ್ ಎಂಬ ಮದ್ದಿನ ಕಾಲು ಭಾಗವನ್ನು ರಕ್ತನಾಳಕ್ಕೂ ಉಳಿದದ್ದನ್ನು ಸ್ನಾಯುವಿಗೂ ಕೊಟ್ಟರು. ಪಾಪೆ ಇನ್ನೂ ಅಗಲವಾಗಿಲ್ಲವಲ್ಲ ಎಂದು ನಾನು ಆತಂಕಪಟ್ಟಾಗ ವೈದ್ಯರು ಎದೆಯ ಮೇಲಿಟ್ಟಿದ್ದ ಸ್ಟೆತಸ್ಕೋಪನ್ನು ನನ್ನ ಕಿವಿಗೇ ಕೊಟ್ಟರು. ಒಳಗೆ ಗೊರಗೊರ ಸದ್ದು. ಈ ಕಫ ಒಣಗುವುದೇ ಔಷಧದ ಅಳತೆ, ಕಣ್ಣಲ್ಲ ಎಂದರು. ಅಟ್ರೋಪಿನ್ ಸ್ನಾಯುಗಳ ನಡುಕವನ್ನು ನಿಲ್ಲಿಸುವುದಿಲ್ಲ ಎಂಬುದನ್ನೂ ಮೊದಲೇ ತಿಳಿಸಿದ್ದರಿಂದ ಆ ರಾತ್ರಿ ನಾನು ವೃಥಾ ಗಾಬರಿಯಾಗುವುದು ತಪ್ಪಿತು. ಈ ನಡುವೆ ಸಹಾಯಕಿಯೊಬ್ಬರು ಕೈಗವಸು ಧರಿಸಿ, ವಿಷ ಮೆತ್ತಿದ್ದ ಮೂತಿ ಮತ್ತು ಮುಂಗಾಲುಗಳನ್ನು ಸೋಪಿನಿಂದ ತೊಳೆದರು.

ಕೊರತೆಗಳೂ ಇವೆ. ನಾಯಿ ನನ್ನ ತೋಳಲ್ಲಿ ಏದುಸಿರು ಬಿಡುತ್ತಿದ್ದಾಗ ಸ್ವಾಗತ ವಿಭಾಗದವರು 2 ಪುಟದ ಅರ್ಜಿ ತುಂಬಿಸಿಕೊಳ್ಳುವ ಹಠ ಬಿಡಲಿಲ್ಲ. ಇದನ್ನಾದರೂ ಮನ್ನಿಸಬಹುದು. ಮನ್ನಿಸಲಾಗದ್ದು ಬಿಡುಗಡೆಯ ರೀತಿ: ಮರುದಿನ ಸಂಜೆ ಮನೆಗೆ ಕಳಿಸುವಾಗ, ಚೇತರಿಸಿಕೊಂಡಂತೆ ಕಂಡ ನಾಯಿಯಲ್ಲೂ 1ರಿಂದ 4 ದಿನಗಳೊಳಗೆ ಸ್ನಾಯು ದೌರ್ಬಲ್ಯ ಮರುಕಳಿಸಬಹುದೆಂದು ಯಾರೂ ಎಚ್ಚರಿಸಲಿಲ್ಲ. 3ನೆಯ ದಿನ ಅದು ಊಟದ ತಟ್ಟೆಯ ಮುಂದೆ ನಿಂತು ಕತ್ತೆತ್ತಲಾರದೆ ತೂಗಾಡಿದಾಗ ಮತ್ತೆ ಓಡಬೇಕಾಯಿತು. 2 ದಿನ ಆಮ್ಲಜನಕ ಕೊಡಬೇಕಾಯಿತು. ಕಿಣ್ವದ ಮಟ್ಟ ವಾರಗಟ್ಟಲೆ ಕಡಿಮೆಯೇ ಇರುವುದರಿಂದ ಉಣ್ಣೆಹುಳು ಹತ್ತದಂತೆ ಕೊರಳಿಗೆ ಹಾಕುವ, ಅದೇ ಜಾತಿಯ ವಿಷವಿರುವ ಪಟ್ಟಿ ಕಟ್ಟಬಾರದೆಂಬ ಮಾತನ್ನೂ ನಾನು ಕೇಳಿದ ಮೇಲಷ್ಟೇ ಹೇಳಿದರು.

ಚಿಕಿತ್ಸೆಗೆ 5ರಲ್ಲಿ 5, ಬಿಡುಗಡೆಯ ಸಲಹೆಗೆ 1 ಅಂಕ ಕೊಡುತ್ತೇನೆ. ಅಲ್ಲಿಗೆ ಹೋಗುವವರು ಮನೆಗೆ ಹೊರಡುವ ಮುನ್ನ ಮುಂದಿನ 4 ದಿನ ಏನು ಗಮನಿಸಬೇಕೆಂಬುದನ್ನು ಬರೆಸಿಕೊಳ್ಳಿ.