ಫ್ರೀಲಾನ್ಸ್ ಬರಹಗಾರರಿಗೆ ಯಾವುದು ಹೊಂದುತ್ತದೆ: ಬ್ಲಾಗರ್, ವರ್ಡ್‌ಪ್ರೆಸ್, ಸಬ್‌ಸ್ಟ್ಯಾಕ್?

ಪುರವಣಿಗಳಿಗೆ ಬಿಡಿ ಲೇಖನ ಬರೆಯುವವರಿಗೆ ಸ್ವಂತ ಬ್ಲಾಗ್‌ನಿಂದ ಎರಡು ಕೆಲಸ ಆಗಬೇಕು. ಹೊಸ ಸಂಪಾದಕರು ‘ನಿಮ್ಮ ಒಂದೆರಡು ಬರಹ ಕಳಿಸಿ’ ಎಂದಾಗ ಕೊಂಡಿ ಸಿದ್ಧವಿರಬೇಕು. ಹೊಸದೇನಾದರೂ ಪ್ರಕಟವಾದಾಗ ಓದುಗರಿಗೆ ಸುದ್ದಿ ಮುಟ್ಟಬೇಕು. ಬ್ಲಾಗ್ ನಡೆಸಲು ಇರುವ ಈ ಮೂರೂ ತಾಣಗಳನ್ನು ಬಳಸಿ ನೋಡಿದ್ದೇನೆ. ಖರ್ಚಿಲ್ಲದೆ ಎರಡೂ ಕೆಲಸವನ್ನು ಚೆನ್ನಾಗಿ ಮಾಡಿಕೊಡುವುದು ಯಾವುದೂ ಇಲ್ಲ.

ಬ್ಲಾಗರ್ 1999ರಲ್ಲಿ ಶುರುವಾಗಿ 2003ರಲ್ಲಿ ಗೂಗಲ್ ಕೈಸೇರಿತು. ಕನ್ನಡದ ಮೊದಲ ತಲೆಮಾರಿನ ಎಷ್ಟೋ ಬ್ಲಾಗ್‌ಗಳು ಇವತ್ತಿಗೂ ಅಲ್ಲೇ ತೆರೆದುಕೊಳ್ಳುತ್ತವೆ. ಸ್ವಂತ ವೆಬ್ ವಿಳಾಸ (ಡೊಮೇನ್) ಜೋಡಿಸಲು ಬ್ಲಾಗರ್‌ಗೆ ದುಡ್ಡು ಕೊಡಬೇಕಿಲ್ಲ, ವಿಳಾಸದ ವಾರ್ಷಿಕ ಶುಲ್ಕ ಕಟ್ಟಿದರೆ ಸಾಕು. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ ಅದೇ ಸೌಲಭ್ಯ ಬೇಕೆಂದರೆ ಹಣದ ಯೋಜನೆಗೇ ಹೋಗಬೇಕು. ಉಚಿತ ಖಾತೆಯಲ್ಲಿ ನಮ್ಮ ಬರಹದ ನಡುವೆ ಅವರ ಜಾಹೀರಾತು ಬರುತ್ತದೆ. ಸಂಪಾದಕರಿಗೆ ತೋರಿಸುವ ಪುಟದಲ್ಲಿ ಅದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ಕನ್ನಡದಲ್ಲಿ ಬರೆಯುವವರು ವಿಶೇಷವಾಗಿ ಗಮನಿಸಬೇಕಾದದ್ದು ಕೊಂಡಿಯ ವಿಷಯ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ಅದನ್ನು ಬಿಟ್ಟು ‘ಬ್ಲಾಗ್-ಪೋಸ್ಟ್’ ಎಂಬ ಹೆಸರಿನ ಕೊಂಡಿ ಮಾಡುತ್ತದೆ. ಯಾವ ಲೇಖನ ಎಂದು ಅದರಿಂದ ತಿಳಿಯುವುದಿಲ್ಲ. ವರ್ಡ್‌ಪ್ರೆಸ್ ಕನ್ನಡವನ್ನು ಉಳಿಸಿಕೊಳ್ಳುತ್ತದೆ. ಆದರೆ ವಾಟ್ಸ್ಆ್ಯಪ್‌ಗೆ ಅಂಟಿಸಿದಾಗ ಅದು ಶೇಕಡಾ ಗುರುತು, ಅಂಕಿಗಳ ಉದ್ದನೆಯ ಸರಪಳಿಯಾಗಿಬಿಡುತ್ತದೆ. ಒಂದೊಂದು ಅಕ್ಷರವೂ, ಒಂದೊಂದು ಕಾಗುಣಿತದ ಗುರುತೂ ಅಲ್ಲಿ ಒಂಬತ್ತು ಸ್ಥಾನ ತಿನ್ನುತ್ತದೆ. ಕೊಂಡಿಯ ಈ ಭಾಗಕ್ಕೆ ಮಿತಿ ಇರುವುದು 200 ಸ್ಥಾನ, ಹಾಗಾಗಿ ಅಕ್ಷರ, ಗುರುತು ಸೇರಿ ಇಪ್ಪತ್ತೆರಡು ದಾಟುವ ಶೀರ್ಷಿಕೆ ಕೊಂಡಿಯಲ್ಲಿ ತುಂಡಾಗುತ್ತದೆ. ಎರಡಕ್ಕೂ ಮದ್ದು ಒಂದೇ: ಪ್ರಕಟಿಸುವ ಮೊದಲು ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕ ಕೊಂಡಿಯನ್ನು ನಾವೇ ಬರೆದುಕೊಡುವುದು. ಮರೆತರೆ ವರ್ಡ್‌ಪ್ರೆಸ್‌ನಲ್ಲಿ ಆಮೇಲೂ ಬದಲಿಸಬಹುದು, ಹಳೆಯ ಕೊಂಡಿ ಒತ್ತಿದವರು ಹೊಸದಕ್ಕೇ ಬರುತ್ತಾರೆ. ಈ ವಿಷಯದಲ್ಲಿ ವರ್ಡ್‌ಪ್ರೆಸ್ ನಿಸ್ಸಂದೇಹವಾಗಿ ಮುಂದೆ. ಅಂಕಣ, ಪ್ರವಾಸ, ಸಂದರ್ಶನ ಎಂದು ವಿಂಗಡಿಸಿ ಜೋಡಿಸುವುದಕ್ಕೂ ಅದೇ ವಾಸಿ.

ಇನ್ನು ಸುದ್ದಿ ಮುಟ್ಟಿಸುವ ಕೆಲಸ. ಹೊಸ ಲೇಖನವನ್ನು ಓದುಗರಿಗೆ ಇಮೇಲ್ ಮಾಡುವ ಬ್ಲಾಗರ್‌ನ ಸೌಲಭ್ಯ 2021ರಲ್ಲಿ ನಿಂತುಹೋಯಿತು. ವರ್ಡ್‌ಪ್ರೆಸ್‌ನಲ್ಲಿ ಇದೆ. ಸಬ್‌ಸ್ಟ್ಯಾಕ್ ಹುಟ್ಟಿದ್ದೇ ಇದಕ್ಕಾಗಿ: ಬರೆದದ್ದು ನೇರವಾಗಿ ಓದುಗರ ಇನ್‌ಬಾಕ್ಸ್‌ಗೆ ಹೋಗುತ್ತದೆ. ಚಂದಾದಾರರ ಪಟ್ಟಿಯೂ ನಮ್ಮದೇ, ಬೇಕಾದಾಗ ಇಳಿಸಿಕೊಂಡು ಬೇರೆಡೆಗೆ ಒಯ್ಯಬಹುದು. ಹಣದ ಚಂದಾ ಮಾತ್ರ ನಮ್ಮಲ್ಲಿ ಕಷ್ಟ. ಸಬ್‌ಸ್ಟ್ಯಾಕ್ ಹಣ ಪಡೆಯುವುದು ಸ್ಟ್ರೈಪ್ ಎಂಬ ಹಣ ಪಾವತಿ ಸೇವೆಯ ಮೂಲಕ, ಸ್ಟ್ರೈಪ್ ಭಾರತದಲ್ಲಿ ಹೊಸ ಖಾತೆ ಕೊಡುವುದು ಆಹ್ವಾನ ಇದ್ದವರಿಗೆ. ಖಾತೆ ಸಿಕ್ಕರೂ ಚಂದಾದಲ್ಲಿ ಶೇ. 10 ಸಬ್‌ಸ್ಟ್ಯಾಕ್‌ಗೆ ಹೋಗುತ್ತದೆ.

ಯಾವುದನ್ನು ಆರಿಸಿಕೊಂಡರೂ ಪತ್ರಿಕೆಗೆ ಕಳಿಸುವ ಲೇಖನವನ್ನು ಮೊದಲು ಬ್ಲಾಗಿಗೆ ಹಾಕಬೇಡಿ. ಬೇರೆಲ್ಲೂ ಪ್ರಕಟವಾಗಿರಬಾರದು ಎಂಬ ನಿಯಮಕ್ಕೆ ಬ್ಲಾಗೂ ಸೇರುತ್ತದೆ. ಪತ್ರಿಕೆಯಲ್ಲಿ ಅಚ್ಚಾದ ಮೇಲೆ, ಅದರ ಹೆಸರು, ದಿನಾಂಕದ ಜೊತೆಗೆ ಹಾಕಿಕೊಳ್ಳಿ.

ಸದ್ಯಕ್ಕೆ ನನ್ನ ಲೇಖನಗಳೆಲ್ಲ ಸ್ವಂತ ವಿಳಾಸದ ಬ್ಲಾಗರ್‌ನಲ್ಲಿವೆ, ಓದುಗರಿಗೆ ಪತ್ರ ಹೋಗುವುದು ಸಬ್‌ಸ್ಟ್ಯಾಕ್‌ನಿಂದ. ಬರಹದಿಂದ ತಿಂಗಳು ತಿಂಗಳು ನಿಶ್ಚಿತ ವರಮಾನ ಇರುವವರು ವರ್ಡ್‌ಪ್ರೆಸ್‌ನ ಹಣದ ಯೋಜನೆ ತೆಗೆದುಕೊಂಡರೆ ಎರಡು ಕಡೆ ಓಡಾಡುವುದು ತಪ್ಪುತ್ತದೆ. ಬ್ಲಾಗರ್‌ನ ಹಳೆಯ ಬರಹಗಳನ್ನು ಅದರೊಳಕ್ಕೆ ತಂದುಕೊಳ್ಳುವ ಅನುಕೂಲವೂ ಇದೆ.